ಅರ್ಥ್ ಫಾಲ್ಟ್, ಲೀಕೇಜ್ ಮತ್ತು ರಿಲೇ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಕಟ್ಟಿಸುವವರು, ತೋಟದಲ್ಲಿ ಪಂಪ್‌ಸೆಟ್ ಇರುವವರು, ಸಣ್ಣ ಕಾರ್ಖಾನೆಯ ಪ್ಯಾನೆಲ್ ನೋಡಿಕೊಳ್ಳುವ ಎಲೆಕ್ಟ್ರಿಷಿಯನ್‌ಗಳು, ಈ ಮೂರೂ ಬಗೆಯವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಕರೆಂಟ್ ತನ್ನ ದಾರಿ ಬಿಟ್ಟು ನೆಲಕ್ಕೆ ಸೋರುವುದು ಲೀಕೇಜ್, ಫೇಸ್ ತಂತಿ ಮೆಟಲ್ ಮೈಗೋ ನೆಲಕ್ಕೋ ತಗುಲುವುದು ಅರ್ಥ್ ಫಾಲ್ಟ್, ಅದನ್ನು ಕಂಡು ಲೈನ್ ಕಡಿಸುವ ಸಾಧನ ರಿಲೇ. ಮೊದಲರ್ಧ ಮನೆಗೆ, ನಡುವಿನದು ತೋಟಕ್ಕೆ, ಆಮೇಲಿನದು ಪ್ಯಾನೆಲ್ ಕೆಲಸದವರಿಗೆ, ಕೊನೆಯ ಕೆಲವು ಪ್ರಶ್ನೆಗಳು ಎಲ್ಲರಿಗೂ. ನಿಮಗೆ ಬೇಕಾದ ಕಡೆಯಿಂದ ಓದಿ. ಮನೆಯ ಭಾಗವನ್ನು ಮಾತ್ರ ಎಲ್ಲರೂ ಓದಬೇಕೆಂದು ನನ್ನ ಆಸೆ.

ಮನೆಯಲ್ಲಿ ಎಂಸಿಬಿ ಇದೆಯಲ್ಲ, ಮತ್ತೆ ಆರ್‌ಸಿಸಿಬಿ ಯಾಕೆ?

ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು (ಟ್ರಿಪ್ ಆಗಿ) ಲೈನ್ ಕಡಿಯುವ ಸ್ವಿಚ್, ಆರ್‌ಸಿಸಿಬಿ ಅಂದರೆ ಕರೆಂಟ್ ಸೋರಿದರೆ ಬೀಳುವ ಸ್ವಿಚ್. ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ವೈರಿಂಗ್ ಬಿಸಿಯಾಗಿ ಸುಡದಂತೆ, ಶಾರ್ಟ್ ಆದಾಗ ತಕ್ಷಣ ಬೀಳುವಂತೆ ಅದನ್ನು ಮಾಡಿರುತ್ತಾರೆ. 16 ಆಂಪಿಯರ್‌ನ, ಸಿ ಕರ್ವ್ ಎಂಬ ಬಗೆಯ ಎಂಸಿಬಿ ಕ್ಷಣಾರ್ಧದಲ್ಲಿ ಬೀಳಬೇಕಾದರೆ 80ರಿಂದ 160 ಆಂಪಿಯರ್ ಹರಿಯಬೇಕು.

ಈಗ ಒದ್ದೆ ಕೈಯಲ್ಲಿ ಫೇಸ್ ಮುಟ್ಟಿದವರ ಲೆಕ್ಕ ನೋಡಿ. ದೇಹದ ರೋಧ ಸುಮಾರು 1,500 ಓಮ್ ಎಂದಿಟ್ಟುಕೊಂಡರೆ, 230 ವೋಲ್ಟ್‌ಗೆ ಹರಿಯುವುದು 150 ಮಿಲಿಆಂಪಿಯರ್ ಆಸುಪಾಸು, ಅಂದರೆ 0.15 ಆಂಪಿಯರ್. ಒಂದು ಸಣ್ಣ ಬಲ್ಬಿನಷ್ಟು. ಎಂಸಿಬಿಯ ಮಟ್ಟಿಗೆ ಅಲ್ಲಿ ಏನೂ ನಡೆದಿಲ್ಲ. ಆದರೆ ಹೃದಯ ಲಯ ತಪ್ಪುವುದಕ್ಕೆ ಅಷ್ಟು ಧಾರಾಳ ಸಾಕು.

ಅಮೆರಿಕದ ಬರ್ಕ್ಲಿಯಲ್ಲಿ ಚಾರ್ಲ್ಸ್ ಡಾಲ್ಜಿಯಲ್ ಎಂಬ ಪ್ರಾಧ್ಯಾಪಕರು, ಹಿಡಿದ ತಂತಿಯನ್ನು ತಾವಾಗಿಯೇ ಬಿಡಲು ಆಗುವ ಮಿತಿ ಎಷ್ಟೆಂದು ಸ್ವಯಂಸೇವಕರ ಮೇಲೆ ಅಳೆದಿದ್ದರು. ಗಂಡಸರಲ್ಲಿ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಲ್ಲಿ 10.5. ಅದನ್ನು ದಾಟಿದರೆ ಕೈಯ ಸ್ನಾಯು ಬಿಗಿದುಕೊಳ್ಳುತ್ತದೆ, ಬಿಡಬೇಕೆಂದರೂ ಬಿಡಲಾಗುವುದಿಲ್ಲ. "ಕರೆಂಟ್ ಹಿಡ್ಕೊಂಡ್‌ಬಿಡ್ತು" ಎಂದು ನಮ್ಮ ಕಡೆ ಹೇಳುವುದು ಇದನ್ನೇ. 16 ಆಂಪಿಯರ್ ಎಂಸಿಬಿಗೂ 16 ಮಿಲಿಆಂಪಿಯರ್‌ಗೂ ಇರುವ ಅಂತರ ಸಾವಿರ ಪಟ್ಟು. ಆ ಅಂತರದಲ್ಲಿ ಕಾವಲು ನಿಲ್ಲುವುದು ಆರ್‌ಸಿಸಿಬಿ ಒಂದೇ.

ಲೀಕ್ ಆಗುತ್ತಿದೆ ಎಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ?

ಒಳಗೊಂದು ಉಂಗುರದಂಥ ಕೋರ್ ಇರುತ್ತದೆ. ಫೇಸ್ ಮತ್ತು ನ್ಯೂಟ್ರಲ್ ಎರಡೂ ಅದರ ನಡುವೆ ಹಾಯ್ದು ಹೋಗುತ್ತವೆ. ಫೇಸಿನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬಂದರೆ ಎರಡರ ಕಾಂತಕ್ಷೇತ್ರ ಒಂದನ್ನೊಂದು ಅಳಿಸಿಹಾಕುತ್ತದೆ, ಕೋರ್‌ಗೆ ಏನೂ ಕಾಣುವುದಿಲ್ಲ. ಸ್ವಲ್ಪ ಕರೆಂಟ್ ಗೀಸರ್ ಮೈಯಿಂದಲೋ ಮನುಷ್ಯನ ಮೈಯಿಂದಲೋ ನೆಲಕ್ಕೆ ಹೋಯಿತು ಎನ್ನಿ. ವಾಪಸ್ ಬಂದದ್ದು ಅಷ್ಟು ಕಡಿಮೆಯಾಯಿತು. ಆ ವ್ಯತ್ಯಾಸ ಕೋರ್ ಮೇಲಿನ ಸಣ್ಣ ಸುರುಳಿಯಲ್ಲಿ ಕರೆಂಟ್ ಹುಟ್ಟಿಸಿ ಟ್ರಿಪ್ ಮಾಡಿಸುತ್ತದೆ.

30 ಮಿಲಿಆಂಪಿಯರ್‌ನ ಸಾಧನ 15ರ ಕೆಳಗೆ ಬೀಳಬಾರದು, 30ಕ್ಕೆ ಬೀಳಲೇಬೇಕು. 30ರಲ್ಲಿ 300 ಮಿಲಿಸೆಕೆಂಡಿನೊಳಗೆ, ಐದು ಪಟ್ಟು ಅಂದರೆ 150 ಮಿಲಿಆಂಪಿಯರ್‌ನಲ್ಲಿ 40 ಮಿಲಿಸೆಕೆಂಡಿನೊಳಗೆ. ಕಾರ್ಖಾನೆಯ ದೊಡ್ಡ ಲೀಕೇಜ್ ರಿಲೇಯೂ ಇದೇ ತತ್ವದ್ದು, ಉಂಗುರ ದೊಡ್ಡದು ಅಷ್ಟೇ.

ಶಾಕ್ ಹೊಡೆಯದಂತೆ ಇದು ತಡೆಯುವುದಿಲ್ಲ ಎಂಬುದು ನೆನಪಿರಲಿ. ಶಾಕ್ ಹೊಡೆದೇ ಹೊಡೆಯುತ್ತದೆ. ಎಷ್ಟು ಹೊತ್ತು ಎಂಬುದನ್ನು ಮಾತ್ರ ಇದು ಕತ್ತರಿಸುತ್ತದೆ. ಬದುಕು ಸಾವಿನ ಪ್ರಶ್ನೆ ಇರುವುದು ಆ ಹೊತ್ತಿನಲ್ಲೇ.

ಇಎಲ್‌ಸಿಬಿ, ಆರ್‌ಸಿಸಿಬಿ, ಆರ್‌ಸಿಬಿಒ, ಇಎಲ್‌ಆರ್… ಇವೆಲ್ಲ ಒಂದೇನಾ?

ಅಂಗಡಿಯಲ್ಲಿ ಎಲ್ಲವನ್ನೂ ಇಎಲ್‌ಸಿಬಿ ಎಂದೇ ಕರೆಯುತ್ತಾರೆ. ಹಳೆಯ ಅಸಲಿ ಇಎಲ್‌ಸಿಬಿ ಮೆಟಲ್ ಮೈಯ ವೋಲ್ಟೇಜ್ ನೋಡಿ ಬೀಳುತ್ತಿತ್ತು, ಈಗ ಬಳಕೆಯಲ್ಲಿಲ್ಲ. ಆರ್‌ಸಿಸಿಬಿ ಲೀಕೇಜ್ ಮಾತ್ರ ನೋಡುತ್ತದೆ, ಓವರ್‌ಲೋಡ್ ನೋಡುವುದಿಲ್ಲ. ಹಾಗಾಗಿ ಅದರ ಜೊತೆ ಎಂಸಿಬಿ ಇರಲೇಬೇಕು. ಆರ್‌ಸಿಬಿಒದಲ್ಲಿ ಎರಡೂ ಸೇರಿವೆ. ಇಎಲ್‌ಆರ್ ಅಂದರೆ ಅರ್ಥ್ ಲೀಕೇಜ್ ರಿಲೇ: ಅದು ತಾನೇ ಲೈನ್ ಕಡಿಯುವುದಿಲ್ಲ, ಹೊರಗಿನ ಬ್ರೇಕರ್‌ಗೋ ಕಾಂಟ್ಯಾಕ್ಟರ್‌ಗೋ (ಕಾಯಿಲ್‌ನಿಂದ ನಡೆಯುವ ಸ್ವಿಚ್) "ಬೀಳು" ಎಂದು ಹೇಳುತ್ತದೆ. ಕೊಳ್ಳುವಾಗ ಭಾರತೀಯ ಮಾನದಂಡ ಐಎಸ್ 12640ರ ಗುರುತು ನೋಡಿ. ಮೊದಲ ಭಾಗ ಆರ್‌ಸಿಸಿಬಿಗೆ, ಎರಡನೆಯದು ಆರ್‌ಸಿಬಿಒಗೆ.

30 ಹಾಕಿಸಲಾ, 100 ಹಾಕಿಸಲಾ? ನಮ್ಮ ಎಲೆಕ್ಟ್ರಿಷಿಯನ್ 100 ಹಾಕಿದರೆ ತೊಂದರೆ ಕೊಡಲ್ಲ ಅಂತಾರೆ.

ತೊಂದರೆ ಕೊಡುವುದಿಲ್ಲ, ನಿಜ. ಜೀವವನ್ನೂ ಉಳಿಸುವುದಿಲ್ಲ. ಮನುಷ್ಯ ಮುಟ್ಟುವ ಸಾಕೆಟ್, ಬಚ್ಚಲು, ಅಡುಗೆಮನೆ, ಸಂಪ್ ಮೋಟಾರ್, ಹೊರಗಿನ ದೀಪ ಇವಕ್ಕೆಲ್ಲ 30 ಮಿಲಿಆಂಪಿಯರ್ ಮಾತ್ರ. ಅಮೆರಿಕದಲ್ಲಿ ಇನ್ನೂ ಕೆಳಗೆ, 4ರಿಂದ 6 ಮಿಲಿಆಂಪಿಯರ್‌ಗೇ ಬೀಳುವ ಸಾಕೆಟ್ ಬಳಸುತ್ತಾರೆ.

100, 300 ಮಿಲಿಆಂಪಿಯರ್‌ನವು ಕೆಲಸಕ್ಕೆ ಬಾರದವಲ್ಲ, ಅವುಗಳ ಜಾಗ ಬೇರೆ. 300 ಮಿಲಿಆಂಪಿಯರ್ ಒಂದೇ ಜಾಗದಲ್ಲಿ ಸೋರಿದರೆ 230 ವೋಲ್ಟ್‌ಗೆ ಸುಮಾರು 69 ವ್ಯಾಟ್ ಬಿಸಿ. ಹಳೆಯ ವೈರಿನ ಸುಟ್ಟ ಇನ್ಸುಲೇಷನ್ ಮೇಲೆ ಅಷ್ಟು ಬಿಸಿ ಬೆಂಕಿ ಹತ್ತಿಸಬಲ್ಲದು. ಅದಕ್ಕೇ ಮೇನ್‌ನಲ್ಲಿ ಬೆಂಕಿಯ ಕಾವಲಿಗೆ 300 ಅಥವಾ 100, ಕೆಳಗೆ ಜನರಿಗಾಗಿ 30 ಹಾಕುವುದು. ಮೇಲಿನದು ಎಸ್ ಟೈಪ್, ಅಂದರೆ ಸ್ವಲ್ಪ ತಡವಾಗಿ ಬೀಳುವಂಥದ್ದು ಆಗಿರಲಿ. ಇಲ್ಲದಿದ್ದರೆ ಬಚ್ಚಲಿನ ಲೀಕ್‌ಗೆ ಇಡೀ ಮನೆಯೇ ಕತ್ತಲಾಗುತ್ತದೆ.

ಇಡೀ ಮನೆಗೆ ಒಂದೇ 30 ಹಾಕುವ ಬದಲು ಗೀಸರ್‌ಗೊಂದು, ಅಡುಗೆಮನೆಗೊಂದು, ಹೊರಗಿನ ಲೈನಿಗೊಂದು ಎಂದು ಹಂಚಿ. ಕಂಪ್ಯೂಟರ್, ಟಿವಿ, ಎಲ್‌ಇಡಿ ಡ್ರೈವರ್, ಎಲ್ಲದರ ಫಿಲ್ಟರ್ ಕೆಪಾಸಿಟರ್‌ಗಳೂ ಸರಿಯಾಗಿದ್ದಾಗಲೂ ತುಸು ತುಸು ಲೀಕ್ ಮಾಡುತ್ತವೆ. ಹತ್ತಾರು ಸೇರಿದಾಗ ಒಂದೇ ಆರ್‌ಸಿಸಿಬಿ ಅಂಚಿಗೆ ಬಂದು ನಿಂತಿರುತ್ತದೆ.

ಆರ್‌ಸಿಸಿಬಿ ಇದ್ದಮೇಲೆ ಅರ್ಥಿಂಗ್ ಯಾಕೆ ಬೇಕು?

ಅರ್ಥಿಂಗ್ ಇದ್ದರೆ ಗೀಸರ್ ಮೈಗೆ ಫೇಸ್ ತಗುಲಿದ ಕ್ಷಣವೇ ಕರೆಂಟ್ ಅರ್ಥ್ ವೈರಿನಲ್ಲಿ ಹರಿದು ಆರ್‌ಸಿಸಿಬಿ ಬೀಳುತ್ತದೆ. ಆಗ ಬಚ್ಚಲಲ್ಲಿ ಯಾರೂ ಇಲ್ಲದಿರಬಹುದು, ಯಾರಿಗೂ ಶಾಕ್ ಹೊಡೆಯದೆಯೇ ವಿಷಯ ಮುಗಿಯುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಗೀಸರ್ ಮೈ 230 ವೋಲ್ಟ್ ಹೊತ್ತು ಸುಮ್ಮನೆ ಕಾಯುತ್ತಿರುತ್ತದೆ. ಮೊದಲು ಮುಟ್ಟಿದವರ ಮೈಯೇ ದಾರಿ. ಎರಡೂ ಇರಬೇಕು.

ಅರ್ಥ್ ಪಿಟ್‌ನ (ಅರ್ಥ್ ವೈರ್ ನೆಲ ಸೇರುವ ಗುಂಡಿಯ) ರೋಧ ತೀರಾ ಕಡಿಮೆ ಇರಬೇಕೆಂಬ ಆತಂಕ ಮಾತ್ರ ಆರ್‌ಸಿಸಿಬಿಯಿಂದ ಕಡಿಮೆಯಾಗುತ್ತದೆ. ಮೆಟಲ್ ಮೈಯ ವೋಲ್ಟೇಜ್ 50 ದಾಟಬಾರದು ಎಂಬ ಲೆಕ್ಕದಲ್ಲಿ 30 ಮಿಲಿಆಂಪಿಯರ್‌ಗೆ 1,666 ಓಮ್ ಇದ್ದರೂ ಸಾಧನ ಬೀಳುತ್ತದೆ. ಹಾಗೆಂದು ಅಷ್ಟು ಕೆಟ್ಟ ಪಿಟ್ ಇಟ್ಟುಕೊಳ್ಳಿ ಎಂದಲ್ಲ. ಬಯಲುಸೀಮೆಯ ಬೇಸಿಗೆಯಲ್ಲಿ ಮಣ್ಣು ಒಣಗಿ ಪಿಟ್ ರೋಧ ಏರಿದಾಗಲೂ ಕಾವಲು ಉಳಿಯುತ್ತದೆ ಎಂಬುದು ಅದರ ಬೆಲೆ.

ಮಳೆಗಾಲ ಬಂದರೆ ಸಾಕು ಬೀಳುತ್ತಲೇ ಇರುತ್ತದೆ. ಎಲೆಕ್ಟ್ರಿಷಿಯನ್ ಬೈಪಾಸ್ ಮಾಡಿಕೊಟ್ಟು ಹೋದರು. ಪರವಾಗಿಲ್ಲವಾ?

ದಯವಿಟ್ಟು ಇವತ್ತೇ ತೆಗೆಸಿ. ಮಳೆಗಾಲದಲ್ಲಿ ಬೀಳುತ್ತಿದೆ ಎಂದರೆ ಎಲ್ಲೋ ನೀರು ಸೇರುತ್ತಿದೆ, ಸಾಧನ ನಿಮಗೆ ನಿಜವನ್ನೇ ಹೇಳುತ್ತಿದೆ. ಹುಡುಕುವುದು ಕಷ್ಟವೇನಲ್ಲ, ಸಮಾಧಾನ ಬೇಕು ಅಷ್ಟೇ.

ಮೊದಲು ಎಲ್ಲ ಪ್ಲಗ್ ತೆಗೆದು, ಎಲ್ಲ ಎಂಸಿಬಿ ಕೆಳಗಿಳಿಸಿ, ಆರ್‌ಸಿಸಿಬಿ ಏರಿಸಿ. ನಿಂತರೆ ಒಂದೊಂದೇ ಎಂಸಿಬಿ ಏರಿಸುತ್ತ ಬನ್ನಿ. ಯಾವುದಕ್ಕೆ ಬಿತ್ತೋ ಆ ಲೈನ್ ನೋಡಿ. ಕಾಂಪೌಂಡ್ ದೀಪ, ಗೇಟ್ ಬೆಲ್, ಟೆರೇಸಿನ ಸಾಕೆಟ್, ಸಂಪ್ ಮೋಟಾರಿನ ಜಾಯಿಂಟ್, ನೆಲದೊಳಗೆ ನೀರು ತುಂಬಿದ ಪೈಪ್ ಇವೇ ಸಾಮಾನ್ಯ ಅಪರಾಧಿಗಳು. ಗೀಸರ್ ಆದರೆ ಬಿರುಕು ಬಿಟ್ಟ ಎಲಿಮೆಂಟ್.

ಎಷ್ಟೋ ಎಲೆಕ್ಟ್ರಿಷಿಯನ್‌ಗಳು ಸೋಲುವ ಜಾಗ ಮುಂದಿನದು. ಗೀಸರ್ ಹಾಕಿದಾಗ ಬೀಳುತ್ತದೆ, ಗೀಸರನ್ನೇ ಬದಲಾಯಿಸುತ್ತಾರೆ, ಆದರೂ ಬೀಳುತ್ತದೆ. ಕಾರಣ ಬೇರೆ ಯಾವುದೋ ಕೋಣೆಯಲ್ಲಿ ನ್ಯೂಟ್ರಲ್ ವೈರು ಅರ್ಥ್‌ಗೆ ತಗುಲಿರುವುದು. ಸ್ವಿಚ್ ಬೋರ್ಡಿನ ಮೆಟಲ್ ಬಾಕ್ಸಿನ ಸ್ಕ್ರೂ ಅಡಿ ಸಿಕ್ಕಿ ಚರ್ಮ ಸುಲಿದ ಕಪ್ಪು ವೈರನ್ನು ನಾನೇ ಕಂಡಿದ್ದೇನೆ. ನ್ಯೂಟ್ರಲ್‌ನಲ್ಲಿ ವೋಲ್ಟೇಜ್ ಇಲ್ಲದಿರುವುದರಿಂದ ಸುಮ್ಮನಿದ್ದಾಗ ಏನೂ ಆಗುವುದಿಲ್ಲ. ಗೀಸರಿನಂಥ ದೊಡ್ಡ ಲೋಡ್ ಬಂದ ತಕ್ಷಣ ವಾಪಸ್ ಹೋಗುವ ಕರೆಂಟಿನ ಒಂದು ಪಾಲು ಆ ಸುಲಿದ ಜಾಗದಿಂದ ಅರ್ಥ್‌ಗೆ ಹರಿದು ಲೆಕ್ಕ ತಪ್ಪುತ್ತದೆ. ಸಿಂಗಲ್ ಪೋಲ್ ಎಂಸಿಬಿ ಇಳಿಸಿದರೂ ನ್ಯೂಟ್ರಲ್ ಕಡಿಯುವುದಿಲ್ಲವಲ್ಲ, ಅದಕ್ಕೇ ಎಂಸಿಬಿ ಆಟದಲ್ಲಿ ಇದು ಸಿಗುವುದಿಲ್ಲ. ಮೇನ್ ಆಫ್ ಮಾಡಿ, ನ್ಯೂಟ್ರಲ್ ವೈರುಗಳೆಲ್ಲ ಸೇರುವ ಲಿಂಕ್‌ನಿಂದ ಒಂದೊಂದೇ ವೈರ್ ಬಿಚ್ಚಿ ಮೆಗ್ಗರ್‌ನಿಂದ (ಇನ್ಸುಲೇಷನ್ ಅಳೆಯುವ ಮೀಟರ್) ಅರ್ಥ್‌ಗೆ ಅಳೆಯಬೇಕು. ಎಲೆಕ್ಟ್ರಾನಿಕ್ ಸಾಮಾನು ಬಿಚ್ಚಿಟ್ಟು 500 ವೋಲ್ಟ್ ಡಿಸಿಯಲ್ಲಿ ಅಳೆದಾಗ 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ಲೈನ್ ಹಿಡಿದು ಹೊರಡಿ.

ಲೀಕೇಜ್ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಕೆಲಸ ಇನ್ನೂ ಸುಲಭ. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಬಾಯೊಳಗೆ ಹಾಕಿದರೆ ಎಷ್ಟು ಮಿಲಿಆಂಪಿಯರ್ ಸೋರುತ್ತಿದೆ ಎಂದು ನೇರ ತೋರಿಸುತ್ತದೆ. ಮಾಮೂಲಿ ಕ್ಲ್ಯಾಂಪ್ ಮೀಟರ್ ಅಷ್ಟು ಸಣ್ಣ ಕರೆಂಟನ್ನು ನಂಬುವ ಹಾಗೆ ತೋರಿಸುವುದಿಲ್ಲ. ದಿನವೂ ಮನೆ ವೈರಿಂಗ್ ಮಾಡುವವರು ಈ ಒಂದು ಮೀಟರಿಗೆ ದುಡ್ಡು ಹಾಕಲೇಬೇಕು.

ಇನ್ವರ್ಟರ್ ಹಾಕಿಸಿದ ಮೇಲೆ ತೊಂದರೆ ಶುರುವಾಯಿತು. ಯಾಕೆ?

ಮೂರು ಫೇಸಿನ (ಆರ್, ವೈ, ಬಿ) ಎಷ್ಟೋ ಮನೆಗಳಲ್ಲಿ ಫೇಸಿಗೊಂದು ಆರ್‌ಸಿಸಿಬಿ ಇರುತ್ತದೆ. ಇನ್ವರ್ಟರ್‌ಗೆ ಆರ್ ಫೇಸಿನಿಂದ ಲೈನ್ ಕೊಟ್ಟು, ಅದರ ಔಟ್‌ಪುಟ್ಟನ್ನು ಎಲ್ಲ ಕೋಣೆಯ ದೀಪ-ಫ್ಯಾನಿಗೆ ಹಂಚುತ್ತಾರೆ. ಆ ದೀಪಗಳ ನ್ಯೂಟ್ರಲ್ ಮಾತ್ರ ಹಳೆಯ ಜಾಗದಲ್ಲೇ, ವೈ, ಬಿ ಫೇಸಿನ ಆರ್‌ಸಿಸಿಬಿ ಕೆಳಗೇ ಉಳಿದಿರುತ್ತದೆ. ಹೋದದ್ದು ಒಂದರಲ್ಲಿ, ಬಂದದ್ದು ಇನ್ನೊಂದರಲ್ಲಿ. ದೀಪ ಹಾಕಿದ ಕೂಡಲೇ ಎರಡೂ ಬೀಳುತ್ತವೆ. ನ್ಯೂಟ್ರಲ್‌ಗಳನ್ನೆಲ್ಲ ಸೇರಿಸಿ ಕಟ್ಟಿದರೂ ಇದು ಸರಿಹೋಗುವುದಿಲ್ಲ. ಇನ್ವರ್ಟರ್ ಲೈನುಗಳಿಗೆ ಅವುಗಳದ್ದೇ ನ್ಯೂಟ್ರಲ್ ಎಳೆಯಬೇಕು, ಅದನ್ನು ಬೇರೆ ಲಿಂಕಿಗೆ ತರಬೇಕು. ಹೊಸ ಮನೆಯಾದರೆ ವೈರಿಂಗ್ ಹಂತದಲ್ಲೇ ಹೇಳಿ, ಆಮೇಲೆ ಗೋಡೆ ಒಡೆಯಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಒಂದಿದೆ, ಅದರ ಬಗ್ಗೆ ಯಾರೂ ಕೇಳುವುದೇ ಇಲ್ಲ. ಇನ್ವರ್ಟರ್ ಲೈನಿನಲ್ಲಿ ಒಬ್ಬರಿಗೆ ಶಾಕ್ ಹೊಡೆಯಿತು, ಮೇನ್ ಆರ್‌ಸಿಸಿಬಿ ಬಿತ್ತು. ಇನ್ವರ್ಟರ್ ಮಟ್ಟಿಗೆ ಅದು ಕರೆಂಟ್ ಹೋದ ಹಾಗೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬ್ಯಾಟರಿಯಿಂದ ಅದೇ ಲೈನಿಗೆ ಮತ್ತೆ 230 ವೋಲ್ಟ್ ಕೊಡುತ್ತದೆ. ಅದಕ್ಕಾಗಿ ಇನ್ವರ್ಟರ್ ಔಟ್‌ಪುಟ್ ಆದಮೇಲೆ ಪ್ರತ್ಯೇಕ 30 ಮಿಲಿಆಂಪಿಯರ್ ಆರ್‌ಸಿಸಿಬಿ ಬೇಕೇ ಬೇಕು. ಹಾಕಿಸಿದ ಮೇಲೆ ಮೇನ್ ಆಫ್ ಮಾಡಿ, ಬ್ಯಾಟರಿಯಲ್ಲಿ ಓಡುವಾಗ ಸಾಕೆಟ್‌ಗೆ ಹಾಕುವ ಆರ್‌ಸಿಡಿ (ಆರ್‌ಸಿಸಿಬಿಯಂಥ ಸಾಧನಗಳ) ಟೆಸ್ಟರ್‌ನಿಂದ ಪರೀಕ್ಷಿಸಲು ಹೇಳಿ. ಬರೀ ಟೆಸ್ಟ್ ಬಟನ್ ಒತ್ತಿದರೆ ಸಾಲದು.

ಆರ್‌ಸಿಸಿಬಿ ಇದ್ದೂ ಜೀವ ಹೋಗಬಹುದಾ?

ಹೋಗಬಹುದು. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದು, ಒಣ ಮರದ ಸ್ಟೂಲ್ ಮೇಲೆ ನಿಂತವರನ್ನು ಅದು ಬಲ್ಬ್ ಎಂದೇ ತಿಳಿಯುತ್ತದೆ. ಹೋದದ್ದೂ ಬಂದದ್ದೂ ಸಮವಾಗಿರುತ್ತದಲ್ಲ.

ತೋಟದ ಪಂಪ್‌ಸೆಟ್‌ಗೆ ಅರ್ಥಿಂಗ್ ಮಾಡಿಸಿದ್ದೇವೆ, ಸ್ಟಾರ್ಟರ್‌ನಲ್ಲಿ ಓವರ್‌ಲೋಡ್ ರಿಲೇ ಇದೆ, ಫ್ಯೂಸ್ ಇದೆ. ಸಾಲದಾ?

ಲೆಕ್ಕ ಹಾಕಿ ನೋಡೋಣ. ಪಂಪ್‌ಸೆಟ್ ಬಳಿ ಹೊಡೆದ ಅರ್ಥ್ ರಾಡಿನ ರೋಧ 40 ಓಮ್, ಟಿಸಿಯ (ಟ್ರಾನ್ಸ್‌ಫಾರ್ಮರ್‌ನ) ನ್ಯೂಟ್ರಲ್ ಅರ್ಥಿಂಗ್ 5 ಓಮ್ ಎಂದಿಟ್ಟುಕೊಳ್ಳಿ. ಮೋಟಾರಿನ ಮೈಗೆ ಒಂದು ಫೇಸ್ ತಗುಲಿತು. ಹರಿಯುವ ಕರೆಂಟ್ 230 ಭಾಗಿಸು 45, ಅಂದರೆ ಸುಮಾರು 5 ಆಂಪಿಯರ್. 5 ಎಚ್‌ಪಿ ಮೋಟಾರ್ ಓಡುವಾಗಲೇ 7 ಆಂಪಿಯರ್ ಮೇಲೆ ಎಳೆಯುತ್ತದೆ. ಫ್ಯೂಸ್ ಹಾರುವುದಿಲ್ಲ, ಓವರ್‌ಲೋಡ್ ರಿಲೇ ಬೀಳುವುದೂ ಅನುಮಾನ. ಅಷ್ಟು ಹೊತ್ತೂ ಮೋಟಾರಿನ ಮೈ, ಪೈಪ್, ಗೇಟ್ ವಾಲ್ವ್ ಎಲ್ಲದರ ಮೇಲೆ ಸುಮಾರು 200 ವೋಲ್ಟ್ ನಿಂತಿರುತ್ತದೆ. ಬರಿಗಾಲಲ್ಲಿ, ಕೆಸರಲ್ಲಿ ನಿಂತು ವಾಲ್ವ್ ತಿರುಗಿಸಲು ಹೋಗುವುದು ನಿಮ್ಮ ತಂದೆಯೋ ಕೆಲಸದವರೋ. ಹಸು ಮೊದಲು ಮುಟ್ಟಿದರೆ ಹಸು.

ಅರ್ಥಿಂಗ್ ಒಂದೇ ಇಲ್ಲಿ ಸೋಲುತ್ತದೆ. ಲೀಕೇಜ್ ನೋಡುವ ಸಾಧನ ಬೇಕು. ಎರಡು ದಾರಿ ಇವೆ. ನಾಲ್ಕು ಪೋಲಿನ ಆರ್‌ಸಿಸಿಬಿಯನ್ನು ಸ್ಟಾರ್ಟರ್ ಮುಂಚೆ ಹಾಕುವುದು ಒಂದು. ನ್ಯೂಟ್ರಲ್ ಇಲ್ಲದ ಕಡೆ ಟೆಸ್ಟ್ ಬಟನ್ ಕೆಲಸ ಮಾಡಲು ಯಾವ ಟರ್ಮಿನಲ್‌ಗೆ ಏನು ಕೊಡಬೇಕು ಎಂದು ಅದರ ಮೈಮೇಲೇ ಚಿತ್ರ ಇರುತ್ತದೆ, ನೋಡಿ ಕಟ್ಟಿ. ಇನ್ನೊಂದು, ಮೂರೂ ಫೇಸ್ ಹಾಯುವ ಉಂಗುರದ ಸಿಟಿ (ಕರೆಂಟ್ ಅಳೆಯುವ ಟ್ರಾನ್ಸ್‌ಫಾರ್ಮರ್) ಮತ್ತು ಲೀಕೇಜ್ ರಿಲೇ ಹಾಕಿ, ಅದರ ಕಾಂಟ್ಯಾಕ್ಟನ್ನು ಸ್ಟಾರ್ಟರ್‌ನ ನೋ-ವೋಲ್ಟ್ ಕಾಯಿಲ್ (ಕರೆಂಟ್ ಹೋದಾಗ ಸ್ಟಾರ್ಟರ್ ಬಿಡಿಸುವ ಸುರುಳಿ) ಸರ್ಕ್ಯೂಟ್‌ಗೆ ಸೇರಿಸುವುದು. ಲೀಕ್ ಆದರೆ ಸ್ಟಾರ್ಟರ್ ತಾನೇ ಬಿಡುತ್ತದೆ. ಆದರೆ ಈ ಎರಡನೆಯದು ಕಾಯುವುದು ಸ್ಟಾರ್ಟರ್‌ನಿಂದ ಆಚೆಗಿನದನ್ನು ಮಾತ್ರ. ಸ್ಟಾರ್ಟರ್ ಡಬ್ಬಿಯ ಮೈಗೇ ಒಳಬರುವ ಫೇಸ್ ತಗುಲಿದರೆ ಕಾಂಟ್ಯಾಕ್ಟರ್ ಬಿಟ್ಟೂ ಪ್ರಯೋಜನವಿಲ್ಲ. ನಾನಾದರೆ ಮೊದಲ ದಾರಿಯನ್ನೇ ಆರಿಸುತ್ತೇನೆ.

ಬೋರ್‌ವೆಲ್‌ನ ಸಬ್‌ಮರ್ಸಿಬಲ್ ಮೋಟಾರ್ ಹಳೆಯದಾದಂತೆ ಕೇಬಲ್ ಜಾಯಿಂಟಿಗೆ, ವೈಂಡಿಂಗ್‌ಗೆ ನೀರಿಳಿದು ಲೀಕೇಜ್ ನಿಧಾನವಾಗಿ ಏರುತ್ತದೆ. ಆರ್‌ಸಿಸಿಬಿ ಪದೇ ಪದೇ ಬೀಳಲು ಶುರುವಾಯಿತೆಂದರೆ ಮೋಟಾರ್ ಎತ್ತಿಸುವ ಕಾಲ ಹತ್ತಿರ ಬಂದಿದೆ. ವೈಂಡಿಂಗ್ ಪೂರ್ತಿ ಸುಡುವ ಮೊದಲೇ ಗೊತ್ತಾದರೆ ಖರ್ಚೂ ಉಳಿಯುತ್ತದೆ.

ತೋಟದ ಮನೆಗೆ ನ್ಯೂಟ್ರಲ್ ಬಂದಿಲ್ಲ. ಒಂದು ಫೇಸ್ ತೆಗೆದು, ಅರ್ಥ್ ರಾಡನ್ನೇ ನ್ಯೂಟ್ರಲ್ ಮಾಡಿಕೊಂಡು ಬಲ್ಬ್ ಉರಿಸುತ್ತೇವೆ. ಆರ್‌ಸಿಸಿಬಿ ನಿಲ್ಲುತ್ತಲೇ ಇಲ್ಲ.

ನಿಲ್ಲುವುದಿಲ್ಲ, ನಿಲ್ಲಲೂ ಬಾರದು. ನೀವು ಉರಿಸುತ್ತಿರುವ ಬಲ್ಬಿನ ಕರೆಂಟ್ ಪೂರ್ತಿ ಲೀಕೇಜೇ. ಆ ರಾಡಿನ ಸುತ್ತ ನೆಲದಲ್ಲಿ ವೋಲ್ಟೇಜ್ ಹರಡಿರುತ್ತದೆ, ರಾಡಿನ ವೈರ್ ಕಳಚಿದ ದಿನ ಅದರ ತುದಿಯಲ್ಲಿ ಪೂರ್ತಿ 230 ವೋಲ್ಟ್ ಕೂತಿರುತ್ತದೆ. ಸರಿಯಾದ ಕನೆಕ್ಷನ್‌ಗೆ ನಿಮ್ಮ ಎಸ್ಕಾಂನಲ್ಲಿ ಅರ್ಜಿ ಹಾಕಿ. ಅಲ್ಲಿಯವರೆಗೆ ಒಂದು ಸಣ್ಣ ಸೋಲಾರ್ ದೀಪ ಸಾಕು.

ಕಾರ್ಖಾನೆಯ ಪ್ಯಾನೆಲ್‌ಗೆ ಇಎಲ್‌ಆರ್, ಸಿಬಿಸಿಟಿ ಹಾಕಿದ್ದೇವೆ. ಒಂದೋ ಸುಮ್ಮಸುಮ್ಮನೆ ಬೀಳುತ್ತದೆ, ಇಲ್ಲ ಬೀಳುವುದೇ ಇಲ್ಲ. ರಿಲೇ ಕೆಟ್ಟಿದೆಯಾ?

ರಿಲೇ ಕೆಟ್ಟಿರುವುದು ಅಪರೂಪ. ಸಿಬಿಸಿಟಿ ಅಂದರೆ ಎಲ್ಲ ಕಂಡಕ್ಟರ್ ಒಟ್ಟಿಗೆ ಹಾಯುವ ಉಂಗುರದ ಸಿಟಿ, ಅದರೊಳಗೆ ಏನೇನು ಹಾಯ್ದಿದೆ ಎಂದು ಮೊದಲು ನೋಡಿ. ಮೂರು ಫೇಸ್ ಮತ್ತು ನ್ಯೂಟ್ರಲ್ ಹಾಯಬೇಕು, ಅರ್ಥ್ ಹಾಯಬಾರದು.

ನ್ಯೂಟ್ರಲ್ಲನ್ನು ಹೊರಗೆ ಬಿಟ್ಟರೆ ಸಿಂಗಲ್ ಫೇಸ್ ಲೋಡ್ ಹಾಕಿದ ಕ್ಷಣ ಬೀಳುತ್ತದೆ. ಸಿಬಿಸಿಟಿ ಆದಮೇಲೆ ಎಲ್ಲೋ ನ್ಯೂಟ್ರಲ್ಲನ್ನು ಮತ್ತೆ ಅರ್ಥ್ ಮಾಡಿದ್ದರೂ ಅದೇ ಕಥೆ. ಜನರೇಟರ್ ಇರುವ ಕಡೆ ಇದು ತೀರಾ ಸಾಮಾನ್ಯ: ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್ ಒಂದು ಪಿಟ್‌ಗೆ, ಡಿಜಿ (ಡೀಸೆಲ್ ಜನರೇಟರ್) ನ್ಯೂಟ್ರಲ್ ಇನ್ನೊಂದಕ್ಕೆ, ಎರಡರ ನಡುವೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಮೂರೇ ಪೋಲಿನದು. ಎರಡೂ ನ್ಯೂಟ್ರಲ್ ಸದಾ ಜೋಡಿಯಾಗಿದ್ದು ಕರೆಂಟ್ ನೆಲದ ದಾರಿಯನ್ನೂ ಹಿಡಿಯುತ್ತದೆ. ನಾಲ್ಕು ಪೋಲಿನ ಚೇಂಜ್‌ಓವರ್ ಹಾಕಿದರೆ ತೊಂದರೆ ಹೋಗುತ್ತದೆ.

ಬೀಳದೇ ಇರುವುದು ಇದಕ್ಕಿಂತ ಭಯದ ವಿಷಯ, ಏಕೆಂದರೆ ಯಾರೂ ದೂರು ಹೇಳುವುದಿಲ್ಲ. ಆರ್ಮರ್ಡ್ ಕೇಬಲನ್ನು ಆರ್ಮರ್ (ಮೇಲಿನ ಲೋಹದ ಕವಚ) ಸಮೇತ ಉಂಗುರದೊಳಗೆ ತೂರಿಸಿ, ಮೇಲೆ ಗ್ಲ್ಯಾಂಡ್ ಕಟ್ಟಿ ಅರ್ಥ್ ಮಾಡಿರುತ್ತಾರೆ. ಆಚೆ ಮೋಟಾರಿನಲ್ಲಿ ಫೇಸ್ ಮೈಗೆ ತಗುಲಿದಾಗ ಫಾಲ್ಟ್ ಕರೆಂಟ್ ಕೇಬಲಿನ ಒಳಗಿನಿಂದ ಹೋಗಿ ಆರ್ಮರ್‌ನಲ್ಲಿ ಅದೇ ಉಂಗುರದ ಮೂಲಕ ವಾಪಸ್ ಬರುತ್ತದೆ. ಹೋದದ್ದು, ಬಂದದ್ದು ಅಳಿಸಿಹೋಯಿತು. ರಿಲೇಗೆ ಫಾಲ್ಟ್ ಕಾಣುವುದೇ ಇಲ್ಲ. ಉಪಾಯ ಸರಳ: ಆರ್ಮರ್‌ನ ಅರ್ಥ್ ವೈರನ್ನು ಅದೇ ಸಿಬಿಸಿಟಿಯೊಳಗೆ ಹಿಮ್ಮುಖವಾಗಿ ಮತ್ತೊಮ್ಮೆ ಹಾಯಿಸಿ ಆಮೇಲೆ ಅರ್ಥ್ ಬಾರ್‌ಗೆ ಕಟ್ಟಿ. ಆಗ ಆರ್ಮರ್ ಕರೆಂಟ್ ತನ್ನನ್ನು ತಾನೇ ಅಳಿಸಿಕೊಂಡು, ಫೇಸಿನದು ಮಾತ್ರ ಕಾಣುತ್ತದೆ. ಕೇಬಲ್ ಉಂಗುರದ ನಡುಮಧ್ಯ ನೇರವಾಗಿರಲಿ. ಒಂದು ಬದಿಗೆ ಒತ್ತಿಕೊಂಡಿದ್ದರೆ ಮೋಟಾರ್ ಸ್ಟಾರ್ಟ್ ಆಗುವಾಗ ಸುಳ್ಳು ಲೀಕೇಜ್ ತೋರಿಸಬಹುದು.

ಮೇನ್ ಬ್ರೇಕರ್‌ನಲ್ಲಿ ಅರ್ಥ್ ಫಾಲ್ಟ್ ರಿಲೇ ಇದೆಯಲ್ಲ, ಇಎಲ್‌ಆರ್ ಬೇರೆ ಬೇಕಾ?

ಎರಡೂ ನೋಡುವ ಗಾತ್ರ ಬೇರೆ. 500 ಕೆವಿಎ ಟ್ರಾನ್ಸ್‌ಫಾರ್ಮರ್‌ನ 433 ವೋಲ್ಟ್ ಕಡೆ ಪೂರ್ತಿ ಲೋಡಿಗೆ 667 ಆಂಪಿಯರ್, ಸಿಟಿ 800/5 (800 ಆಂಪಿಯರನ್ನು 5ಕ್ಕೆ ಇಳಿಸಿ ತೋರಿಸುವುದು) ಹಾಕುತ್ತಾರೆ. ಮೂರು ಸಿಟಿಗಳ ಸೆಕೆಂಡರಿಯನ್ನು ಒಟ್ಟು ಸೇರಿಸಿದಾಗ ಉಳಿಯುವ ಕರೆಂಟನ್ನು ಅರ್ಥ್ ಫಾಲ್ಟ್ ರಿಲೇ ನೋಡುತ್ತದೆ. ಸೆಟ್ಟಿಂಗ್ 20 ಶೇಕಡಾ ಎಂದರೆ 160 ಆಂಪಿಯರ್, 10 ಶೇಕಡಾ ಎಂದರೂ 80. ಇನ್ನೂ ಕೆಳಗಿಳಿಸಿದರೆ ಮೂರು ಸಿಟಿಗಳ ನಡುವಿನ ಸಣ್ಣ ಹೊಂದಾಣಿಕೆಯ ಕೊರತೆಯೇ ಫಾಲ್ಟ್‌ನಂತೆ ಕಾಣತೊಡಗುತ್ತದೆ. 80 ಆಂಪಿಯರ್ ನೋಡುವ ರಿಲೇ ಬಸ್‌ಬಾರ್, ಕೇಬಲ್, ವೈಂಡಿಂಗ್ ಉಳಿಸುತ್ತದೆ, ಆಪರೇಟರ್‌ನನ್ನಲ್ಲ. ಮಿಲಿಆಂಪಿಯರ್ ಕಾಣಬೇಕಾದರೆ ಎಲ್ಲ ಕಂಡಕ್ಟರ್ ಒಂದೇ ಉಂಗುರದಲ್ಲಿ ಹಾಯುವ ಸಿಬಿಸಿಟಿಯೇ ಬೇಕು.

ಸಮಯದ ಸೆಟ್ಟಿಂಗ್‌ಗೆ ಐಡಿಎಂಟಿ (ಕರೆಂಟ್ ಹೆಚ್ಚಿದಷ್ಟೂ ಬೇಗ ಬೀಳುವ) ನಾರ್ಮಲ್ ಇನ್ವರ್ಸ್ ಕರ್ವ್ ಹೀಗೆ ನೆನಪಿಡಿ: ಟಿಎಂಎಸ್ (ಸಮಯದ ಗುಣಕ) 1 ಇದ್ದಾಗ ಸೆಟ್ಟಿಂಗ್‌ನ ಎರಡು ಪಟ್ಟು ಕರೆಂಟ್‌ಗೆ ಸುಮಾರು 10 ಸೆಕೆಂಡ್, ಹತ್ತು ಪಟ್ಟಿಗೆ ಸುಮಾರು 3 ಸೆಕೆಂಡ್. ಟಿಎಂಎಸ್ 0.1 ಮಾಡಿದರೆ 1 ಸೆಕೆಂಡ್, 0.3 ಸೆಕೆಂಡ್.

ದೊಡ್ಡ ಮೋಟಾರ್ ಡೈರೆಕ್ಟ್ ಸ್ಟಾರ್ಟ್ ಆಗುವಾಗ ಅರ್ಥ್ ಫಾಲ್ಟ್ ರಿಲೇ ಬೀಳುತ್ತಿದ್ದರೆ ಸೆಟ್ಟಿಂಗ್ ಏರಿಸಲು ಹೋಗಬೇಡಿ. ಆರು ಪಟ್ಟು ಕರೆಂಟ್ ಬಂದಾಗ ಸಿಟಿಗಳು ಒಂದೊಂದು ಒಂದೊಂದು ರೀತಿ ಸ್ಯಾಚುರೇಟ್ ಆಗಿ ಇಲ್ಲದ ಫಾಲ್ಟ್ ತೋರಿಸುತ್ತವೆ. ಸ್ಟೆಬಿಲೈಸಿಂಗ್ ರೆಸಿಸ್ಟರ್ ಹಾಕಿ, ಇಲ್ಲವೇ ಆ ಫೀಡರ್‌ಗೆ ಸಿಬಿಸಿಟಿಗೆ ಹೋಗಿ.

11 ಕೆವಿ ಕಡೆಯ ರಿಲೇ 433 ವೋಲ್ಟ್ ಕಡೆಯ ಅರ್ಥ್ ಫಾಲ್ಟನ್ನೂ ನೋಡುತ್ತದಲ್ಲವಾ?

ನೋಡುವುದಿಲ್ಲ. ನಮ್ಮ ಡಿಸ್ಟ್ರಿಬ್ಯೂಷನ್ ಟ್ರಾನ್ಸ್‌ಫಾರ್ಮರ್‌ಗಳು ಸಾಮಾನ್ಯವಾಗಿ ಡಿವೈಎನ್11, ಮೇಲೆ ಡೆಲ್ಟಾ, ಕೆಳಗೆ ಸ್ಟಾರ್. ಕೆಳಗಿನ ಅರ್ಥ್ ಫಾಲ್ಟ್ ಮೇಲಿನ ಲೈನಿನಲ್ಲಿ ಎರಡು ಫೇಸ್‌ಗಳ ನಡುವಿನ ಕರೆಂಟಾಗಿ ಕಾಣುತ್ತದೆ. ಒಟ್ಟು ಕೂಡಿದರೆ ಸೊನ್ನೆ, ಅರ್ಥ್ ಫಾಲ್ಟ್ ರಿಲೇ ಸುಮ್ಮನಿರುತ್ತದೆ. ಹಾಗಾಗಿ ಕೆಳಗಿನ ನ್ಯೂಟ್ರಲ್‌ನಲ್ಲಿ ಸಿಟಿ ಹಾಕಿ ಸ್ಟ್ಯಾಂಡ್‌ಬೈ ಅರ್ಥ್ ಫಾಲ್ಟ್ ರಿಲೇ ಇಡಬೇಕು. ದೊಡ್ಡ ಟ್ರಾನ್ಸ್‌ಫಾರ್ಮರ್ ಆದರೆ ವೈಂಡಿಂಗ್ ಒಳಗಿನ ಫಾಲ್ಟನ್ನು ಮಾತ್ರ ನೋಡಿ ತಡಮಾಡದೆ ಬೀಳುವ ರಿಸ್ಟ್ರಿಕ್ಟೆಡ್ ಅರ್ಥ್ ಫಾಲ್ಟ್ ರಿಲೇಯೂ ಬೇಕು.

ಆರ್‌ಸಿಸಿಬಿಯಲ್ಲಿ ಎಸಿ ಟೈಪ್, ಎ ಟೈಪ್, ಬಿ ಟೈಪ್ ಅಂದರೇನು?

ಎಸಿ ಟೈಪ್ ಶುದ್ಧ ಎಸಿ ಲೀಕೇಜ್ ಮಾತ್ರ ನೋಡುತ್ತದೆ. ಇಂದಿನ ವಾಷಿಂಗ್ ಮೆಷಿನ್, ಇಂಡಕ್ಷನ್ ಒಲೆಗಳಲ್ಲಿ ರೆಕ್ಟಿಫೈಯರ್ ಇರುತ್ತದೆ, ಲೀಕೇಜ್ ಅರೆಬರೆ ಡಿಸಿಯಾಗಿ ಬರಬಹುದು. ಅಲ್ಲಿ ಎ ಟೈಪ್ ಹಾಕಿ. ಮೂರು ಫೇಸಿನ ವಿಎಫ್‌ಡಿಯಂತಹ (ಮೋಟಾರ್ ವೇಗ ಬದಲಿಸುವ ಸಾಧನ) ಕಡೆ ನಯವಾದ ಡಿಸಿ ಲೀಕೇಜ್ ಬಂದರೆ ಎ ಟೈಪಿನ ಕೋರ್ ಕುರುಡಾಗುತ್ತದೆ, ಅಲ್ಲಿ ಬಿ ಟೈಪ್. ಮನೆಯಲ್ಲಿ ಎಲೆಕ್ಟ್ರಿಕ್ ಕಾರ್ ಚಾರ್ಜರ್ ಇದ್ದರೆ ಬಿ ಟೈಪ್, ಅಥವಾ ಚಾರ್ಜರಿನಲ್ಲೇ 6 ಮಿಲಿಆಂಪಿಯರ್ ಡಿಸಿ ಪತ್ತೆ ಇದ್ದರೆ ಎ ಟೈಪ್ ಸಾಕು.

11 ಕೆವಿ ತಂತಿ ಕಡಿದು ನೆಲಕ್ಕೆ ಬಿದ್ದರೆ ಸಬ್‌ಸ್ಟೇಷನ್‌ನಲ್ಲಿ ರಿಲೇ ಬಿದ್ದು ಲೈನ್ ಆಫ್ ಆಗುತ್ತದಲ್ಲವಾ?

ಹಾಗೆಂದು ಎಂದಿಗೂ ನಂಬಬೇಡಿ. 11 ಕೆವಿ ಲೈನಿನಲ್ಲಿ ಫೇಸ್‌ನಿಂದ ನೆಲಕ್ಕೆ ಸುಮಾರು 6,350 ವೋಲ್ಟ್. ಒಣ ನೆಲ, ಕಾಂಕ್ರೀಟು, ಡಾಂಬರು, ಮರಳಿನ ಮೇಲೆ ಬಿದ್ದ ತಂತಿಯ ದಾರಿಯಲ್ಲಿ 200 ಓಮ್ ಇದ್ದರೆ ಹರಿಯುವುದು 32 ಆಂಪಿಯರ್ ಅಷ್ಟೇ. ಫೀಡರ್‌ನ ಸಿಟಿ 400/1 ಇದ್ದು ಅರ್ಥ್ ಫಾಲ್ಟ್ ಸೆಟ್ಟಿಂಗ್ 20 ಶೇಕಡಾ ಇದ್ದರೆ ರಿಲೇ ಎಚ್ಚರಗೊಳ್ಳುವುದೇ 80 ಆಂಪಿಯರ್‌ಗೆ. ತಂತಿ ನೆಲದ ಮೇಲೆ ಜೀವಂತವಾಗಿ ಬಿದ್ದಿರುತ್ತದೆ, ಊರಿನ ದೀಪಗಳೂ ಉರಿಯುತ್ತಿರುತ್ತವೆ. ರಕ್ಷಣಾ ಇಂಜಿನಿಯರಿಂಗ್‌ನಲ್ಲಿ ಇಂದಿಗೂ ಪೂರ್ತಿ ಬಗೆಹರಿಯದ ಸಮಸ್ಯೆ ಇದು. ಸೆನ್ಸಿಟಿವ್ ಅರ್ಥ್ ಫಾಲ್ಟ್ ರಿಲೇಗಳು, ಹಾರ್ಮೋನಿಕ್ ನೋಡಿ ಪತ್ತೆ ಹಚ್ಚುವ ರಿಲೇಗಳು ಬಂದಿವೆ, ಎಲ್ಲ ಫಾಲ್ಟನ್ನೂ ಹಿಡಿಯುವಂಥದ್ದು ಬಂದಿಲ್ಲ.

2023ರ ನವೆಂಬರ್‌ನಲ್ಲಿ ಬೆಂಗಳೂರಿನ ಹೋಪ್ ಫಾರ್ಮ್ ಬಳಿ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ಒಬ್ಬ ತಾಯಿ, ಅವರ ಕೈಯಲ್ಲಿದ್ದ ಹಸುಗೂಸು ತೀರಿಕೊಂಡರು. ಬಿದ್ದ ತಂತಿ ಕಂಡರೆ ಹತ್ತು ಮೀಟರ್ ದೂರ ನಿಲ್ಲಿ, ಬೇರೆಯವರನ್ನೂ ತಡೆಯಿರಿ, 1912ಕ್ಕೆ ಫೋನ್ ಮಾಡಿ. ಕೋಲಿನಿಂದ ಸರಿಸಲು ಹೋಗಬೇಡಿ, 11 ಕೆವಿಗೆ ಹಸಿ ಕೋಲು ತಡೆಯೇ ಅಲ್ಲ. ಈಗಾಗಲೇ ಹತ್ತಿರ ಬಂದುಬಿಟ್ಟಿದ್ದರೆ ದೊಡ್ಡ ಹೆಜ್ಜೆ ಇಡದೆ, ಪಾದ ಎತ್ತದೆ, ಎರಡೂ ಪಾದ ತಾಗಿಸಿಕೊಂಡು ಜಾರಿಸುತ್ತ ಹಿಂದೆ ಸರಿಯಿರಿ. ಎರಡು ಕಾಲಿನ ನಡುವಿನ ನೆಲದಲ್ಲೇ ಕೊಲ್ಲುವಷ್ಟು ವೋಲ್ಟೇಜ್ ವ್ಯತ್ಯಾಸ ಇರಬಹುದು.

ಕಾನೂನು ಪ್ರಕಾರ ಲೀಕೇಜ್ ರಕ್ಷಣೆ ಕಡ್ಡಾಯವಾ?

ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲೇ ಸಣ್ಣ ಲೋಡಿನವನ್ನು ಬಿಟ್ಟು ಉಳಿದ ಕನೆಕ್ಷನ್‌ಗಳಿಗೆ ಅರ್ಥ್ ಲೀಕೇಜ್ ರಕ್ಷಣಾ ಸಾಧನ ಇರಬೇಕೆಂದಿತ್ತು. 2023ರಲ್ಲಿ ಅದರ ಜಾಗಕ್ಕೆ ಹೊಸ ನಿಯಮಾವಳಿ ಬಂದಿದೆ. ಅರ್ಥಿಂಗ್ ಹೇಗಿರಬೇಕು ಎಂಬುದಕ್ಕೆ ಐಎಸ್ 3043 ಇದೆ, 2018ರಲ್ಲಿ ಪರಿಷ್ಕೃತವಾದದ್ದು. ನಿಮ್ಮ ಲೋಡ್ ಆ ಮಿತಿಯ ಕೆಳಗಿದೆ ಎಂದು ಬಿಟ್ಟುಬಿಡಬೇಡಿ. ಒಂದು ಬಲ್ಬಿನ ಮನೆಯಲ್ಲೂ 230 ವೋಲ್ಟೇ ಬರುತ್ತದೆ.

ಹಾಕಿಸಿಯಾಯಿತು. ಕೆಲಸ ಮಾಡುತ್ತಿದೆ ಎಂದು ತಿಳಿಯುವುದು ಹೇಗೆ?

ಮನೆಯ ಆರ್‌ಸಿಸಿಬಿಯ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ವರ್ಷಗಟ್ಟಲೆ ಅಲುಗಾಡದ ಮೆಕ್ಯಾನಿಸಂ ಅಂಟಿಕೊಂಡು ಬೇಕಾದ ದಿನ ಬೀಳದೇ ಹೋಗಬಹುದು. ಕರೆಂಟ್ ಬಿಲ್ ಕಟ್ಟುವ ದಿನ ಒತ್ತುವುದು ಎಂದು ಇಟ್ಟುಕೊಂಡರೆ ಮರೆಯುವುದಿಲ್ಲ. ಬಟನ್ ಒತ್ತಿದಾಗ ಬೀಳದಿದ್ದರೆ ರಿಪೇರಿ ಇಲ್ಲ, ಬದಲಾಯಿಸಬೇಕು. ಈ ಬಟನ್ ಒಳಗಿನ ಒಂದು ರೆಸಿಸ್ಟರ್ ಮೂಲಕ ಪರೀಕ್ಷಿಸುತ್ತದೆ. ನಿಮ್ಮ ಅರ್ಥಿಂಗ್ ಸರಿಯಿದೆಯೇ ಎಂದು ಅದು ಹೇಳುವುದಿಲ್ಲ, ಪಿಟ್ಟನ್ನು ಅರ್ಥ್ ಟೆಸ್ಟರ್‌ನಿಂದ ಬೇರೆಯೇ ಅಳೆಸಬೇಕು. ಅಳತೆ ಬೇಸಿಗೆಯಲ್ಲಿ ಮಾಡಿಸಿ, ಮಳೆ ಬಿದ್ದ ಮಾರನೆಯ ದಿನ ಯಾವ ಪಿಟ್ಟಾದರೂ ಚೆನ್ನಾಗಿಯೇ ಕಾಣುತ್ತದೆ.

ಪ್ಯಾನೆಲ್ ರಿಲೇಗಳಿಗೆ ವರ್ಷಕ್ಕೊಮ್ಮೆ ಇಂಜೆಕ್ಷನ್ ಟೆಸ್ಟ್, ಅಂದರೆ ಬೇಕೆಂದೇ ಕರೆಂಟ್ ಹರಿಸಿ ನೋಡುವ ಪರೀಕ್ಷೆ. ಸೆಕೆಂಡರಿ ಇಂಜೆಕ್ಷನ್ (ರಿಲೇಗೇ ನೇರ ಕರೆಂಟ್ ಕೊಡುವುದು) ಪರೀಕ್ಷಿಸುವುದು ರಿಲೇಯನ್ನು ಮಾತ್ರ. ಸಿಬಿಸಿಟಿ ಇರುವ ಕಡೆ ಒಂದು ತುಂಡು ವೈರನ್ನು ಉಂಗುರದೊಳಗೆ ತೂರಿಸಿ, ಅದರಲ್ಲಿ ಸೆಟ್ಟಿಂಗ್‌ನಷ್ಟು ಕರೆಂಟ್ ಹರಿಸಿ, ಬ್ರೇಕರ್ ನಿಜಕ್ಕೂ ಬೀಳುವವರೆಗೆ ನೋಡಿ. ರಿಲೇಯ ದೀಪ ಹತ್ತಿ, ಶಂಟ್ ಟ್ರಿಪ್ ಕಾಯಿಲ್ (ಬ್ರೇಕರನ್ನು ಬೀಳಿಸುವ ಸುರುಳಿ) ಸುಟ್ಟಿದ್ದರಿಂದ ಬ್ರೇಕರ್ ಮಾತ್ರ ಅಲುಗದ ಪ್ಯಾನೆಲ್‌ಗಳು ಬೇಕಾದಷ್ಟಿವೆ. ಬಿದ್ದ ಕರೆಂಟ್, ತಗೊಂಡ ಸಮಯ, ತಾರೀಖು ಮೂರನ್ನೂ ಪ್ಯಾನೆಲ್ ಬಾಗಿಲಿನ ಒಳಬದಿಗೆ ಅಂಟಿಸಿ, ಮುಂದಿನ ಸಲ ಬರುವ ಎಲೆಕ್ಟ್ರಿಷಿಯನ್ ಯಾವ ಸೆಟ್ಟಿಂಗ್ ಯಾಕೆ ಇದೆ ಎಂದು ತಿಳಿದೇ ಕೈ ಹಾಕಲಿ.